ಆಫ್ರಿಕಾದಿಂದ ಗುಬ್ಬಿಗೆ ಬಂದ ಪಾಠ

ಕಳೆದ ತಿಂಗಳು ಸಮಾಜ ವಿಜ್ಞಾನ ಪಾಠ ಮಾಡುವವರಿಗೆ ಎರಡು ದಿನದ ತರಬೇತಿ ಇತ್ತು. ಜಾಗ ಎಲ್ಲಿ ಅಂತ ಮೊಬೈಲಿಗೆ ಬಂದ ಮೆಸೇಜನ್ನು ಎರಡು ಸಲ ಓದಿದೆ. ತುಮಕೂರಿನ ಸದಾಶಿವನಗರದ ಹತ್ತಿರ ನಾನು ಹನ್ನೊಂದು ವರ್ಷ ಇತಿಹಾಸ ಪಾಠ ಮಾಡಿದ್ದ ಪ್ರೈವೇಟ್ ಸ್ಕೂಲು ಅದು. ಬಿಟ್ಟು ನಾಲ್ಕು ವರ್ಷವಾಗಿತ್ತು. ಈಗ ಕುಣಿಗಲ್ ಕಡೆಯ ಒಂದು ಚಿಕ್ಕ ಹೈಸ್ಕೂಲಿನಲ್ಲಿ ಇದ್ದೇನೆ. ಇಲ್ಲಿ ಒಂದು ಕ್ಲಾಸಿಗೆ ಇಪ್ಪತ್ತು ಮಕ್ಕಳಿದ್ದರೆ ಹೆಚ್ಚು.

ಮೆಟ್ಟಿಲು ಹತ್ತುವಾಗ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಆ ಸ್ಕೂಲಿನಲ್ಲಿ ದಿನಕ್ಕೆ ಮೂರು ಸಲ ನೆಲ ಒರೆಸುತ್ತಾರೆ. ಫೀಸು ಕಟ್ಟುವ ಅಪ್ಪ ಅಮ್ಮಂದಿರಿಗೆ ನೆಲ ಹೊಳೆಯುವುದು ಕಾಣಬೇಕು. ತರಬೇತಿ ಇಟ್ಟಿದ್ದದ್ದು ಎರಡನೇ ಮಹಡಿಯಲ್ಲಿ, ಒಂಬತ್ತನೇ ಕ್ಲಾಸಿನ ಬಿ ಸೆಕ್ಷನ್ನಿನ ಕೋಣೆಯಲ್ಲಿ. ಮೂರನೇ ಬೆಂಚಿನಲ್ಲಿ ಜಾಗ ಸಿಕ್ಕಿತು. ತರಬೇತಿ ಕೊಡುವವರು ಪರದೆ ಮೇಲೆ ಏನೇನೋ ತೋರಿಸುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಇದೇ ಕೋಣೆಯ ಒಂದು ವರ್ಷ, ಜೂನ್‌ನಿಂದ ಮಾರ್ಚಿನವರೆಗೆ, ಒಂದೊಂದಾಗಿ ಬರತೊಡಗಿತು.

ಆ ವರ್ಷ ಜೂನ್ ತಿಂಗಳೆಲ್ಲ ಮೋಡ ಇತ್ತು, ಮಳೆ ಇರಲಿಲ್ಲ. ತುಮಕೂರಿನಲ್ಲಿ ಅದೊಂದು ಥರ. ದೇವರಾಯನದುರ್ಗದ ಕಡೆ ಕಪ್ಪಗೆ ಕಟ್ಟಿಕೊಂಡು, ಊರಿಗೆ ಬರೀ ಗಾಳಿ ಕಳಿಸುತ್ತದೆ. ಆ ಗಾಳಿಗೆ ಕಿಟಕಿ ಪಟಪಟ ಬಡಿದುಕೊಳ್ಳುತ್ತಿದ್ದ ಒಂದು ಮಧ್ಯಾಹ್ನ ನಾನು ವರ್ಣಭೇದದ ಪಾಠ ಶುರು ಮಾಡಿದೆ. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರಿಗೇ ಬೇರೆ ಬೆಂಚು, ಕರಿಯರಿಗೇ ಬೇರೆ ಬೆಂಚು; ಬೇರೆ ಬಸ್ಸು, ಬೇರೆ ನಲ್ಲಿ, ಬೇರೆ ಸ್ಕೂಲು. ಎಲ್ಲದಕ್ಕೂ ಬೋರ್ಡು. ಸ್ಮಾರ್ಟ್ ಬೋರ್ಡಿನಲ್ಲಿ ಹಳೇ ಫೋಟೋ ತೋರಿಸಿದೆ. ಮಕ್ಕಳು ನಿಜವಾಗಿಯೂ ನೊಂದುಕೊಂಡರು. "ಎಷ್ಟು ಕ್ರೂಯಲ್ ಅಲ್ವಾ ಮಿಸ್" ಅಂದಳು ಒಬ್ಬಳು. ಮುಂದಿನ ಬೆಂಚಿನ ಪ್ರಣವ್ ಎದ್ದು ನಿಂತು, "ಮಿಸ್, ಸದ್ಯ ನಮ್ಮ ದೇಶದಲ್ಲಿ ಹಿಂಗೆಲ್ಲ ಇರ್ಲಿಲ್ಲ" ಅಂದ.

ಅವನಿಗೆ ಉತ್ತರ ಕೊಡಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಕಿಟಕಿ ಪಕ್ಕದ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಇಂಚರ. ಆ ವರ್ಷವೇ ಹೊಸದಾಗಿ ಸೇರಿದ್ದ ಹುಡುಗಿ. ಅಪ್ಪ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಬಾಡಿಗೆ ಮನೆ ಸದಾಶಿವನಗರದಲ್ಲೇ. ಜಾಸ್ತಿ ಮಾತಾಡುವವಳಲ್ಲ.

"ಮಿಸ್, ಅಲ್ಲಿ ಬೋರ್ಡ್ ಹಾಕಿದ್ರು. ಬೋರ್ಡ್ ಹಾಕದೇ ಇದ್ರೆ ಯಾರು ಎಲ್ಲಿ ಕೂತ್ಕೋಬೇಕು ಅಂತ ಹೆಂಗೆ ಗೊತ್ತಾಗ್ತಿತ್ತು?"

ಕ್ಲಾಸು ನಕ್ಕಿತು. "ಬಣ್ಣ ನೋಡಿದ್ರೆ ಗೊತ್ತಾಗುತ್ತಲ್ಲ" ಅಂದ ಪ್ರಣವ್.

"ಬಣ್ಣ ಒಂದೇ ಇದ್ರೆ?" ಅಂದಳು ಇಂಚರ. ಅಷ್ಟರಲ್ಲಿ ಬೆಲ್ ಹೊಡೆಯಿತು. ಅವಳು ಕೂತುಕೊಂಡು ಟಿಫನ್ ಡಬ್ಬಿ ತೆಗೆದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷ ಇದೇ ಪಾಠ ಮಾಡಿದ್ದೆ. ಪ್ರತಿ ವರ್ಷ ಮಕ್ಕಳು ಆಫ್ರಿಕಾದವರಿಗಾಗಿ ಅಯ್ಯೋ ಪಾಪ ಅಂದಿದ್ದರು, ನಾನು ಮುಂದಿನ ಪಾಠಕ್ಕೆ ಹೋಗಿದ್ದೆ. ಈ ಸಲ ಹಾಗೆ ಮುಂದಕ್ಕೆ ಹೋಗಬಾರದು ಅನ್ನಿಸಿತು. ಒಂದು ಪ್ರಾಜೆಕ್ಟ್ ಕೊಟ್ಟೆ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರನ್ನು ಕೇಳಿ: ನೀವು ಚಿಕ್ಕವರಿದ್ದಾಗ ಊರಿನಲ್ಲಿ ಬಾವಿ ಎಲ್ಲಿತ್ತು? ಯಾರು ಯಾರು ನೀರು ಸೇದುತ್ತಿದ್ದರು? ಯಾರು ಸೇದುವಂತಿರಲಿಲ್ಲ? ಎರಡು ಪುಟ ಬರೆದುಕೊಂಡು ಬನ್ನಿ.

ಇಂಥ ಪ್ರಾಜೆಕ್ಟ್ ಯೋಚಿಸಿದ್ದಕ್ಕೆ ನನಗೆ ನಾನೇ ಶಹಬ್ಬಾಸ್ ಅಂದುಕೊಂಡಿದ್ದೆ. ಅದನ್ನೂ ಹೇಳಿಬಿಡಬೇಕು.

ಆಗಸ್ಟ್ ಕೊನೆಗೆ ನಲವತ್ತೆರಡು ಪ್ರಾಜೆಕ್ಟ್ ಬಂದವು. ಎಲ್ಲಕ್ಕೂ ಬಣ್ಣದ ಹಾಳೆ, ಅಂಟಿಸಿದ ಚಿತ್ರ. ಮೂವತ್ತು ಮಂದಿಯಾದರೂ "ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ದರು" ಅಂತ ಬರೆದಿದ್ದರು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಇಂಚರಳದು. ಕುಣಿಗಲ್ ಹತ್ತಿರ ಅವರ ಅಜ್ಜಿಯ ಊರು, ಮನೆ ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿ, ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಬಿಂದಿಗೆ. ಬೇಸಿಗೆಯಲ್ಲಿ ಊರ ಜನವೆಲ್ಲ ಅಜ್ಜಿಯ ಬಾವಿಗೆ ಬರುತ್ತಿದ್ದರು. "ನಮ್ಮ ಅಜ್ಜಿ ಯಾರಿಗೂ ಬೇಡ ಅನ್ನುತ್ತಿರಲಿಲ್ಲ. ಅವರೇ ಸೇದಿ ಎಲ್ಲರ ಬಿಂದಿಗೆಗೂ ತುಂಬಿಸುತ್ತಿದ್ದರು." ನಾನು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆ. ಚಪ್ಪಾಳೆ ಹೊಡೆಸಿದೆ. ಇಂಚರ ತಲೆ ತಗ್ಗಿಸಿಕೊಂಡು ಕೂತಿದ್ದಳು. ನಾಚಿಕೆ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಅವಳ ಅಪ್ಪ ಬಂದರು. ಹೆಸರು ರಂಗಸ್ವಾಮಿ. ಫ್ಯಾಕ್ಟರಿಯ ಯೂನಿಫಾರ್ಮ್ ಅಂಗಿಯಲ್ಲೇ ಇದ್ದರು, ಕೈಯಲ್ಲಿ ಹೆಲ್ಮೆಟ್. ಸ್ಟಾಫ್ ರೂಮಿನಲ್ಲಿ ಬೇರೆ ಟೀಚರುಗಳಿದ್ದದ್ದು ನೋಡಿ, "ಒಂಚೂರು ಹೊರಗೆ ಬರ್ತೀರಾ ಮೇಡಂ" ಅಂದರು. ಮಳೆ ಸಣ್ಣಗೆ ಹನಿಯುತ್ತಿತ್ತು. ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತೆವು.

"ನನ್ ಮಗಳ ಪ್ರಾಜೆಕ್ಟು ಓದಿ ಚಪ್ಪಾಳೆ ಹೊಡ್ಸಿದ್ರಂತೆ."

"ತುಂಬ ಚೆನ್ನಾಗಿ ಬರ್ದಿದ್ಲು ಸಾರ್."

"ಆ ಬಾವಿ ಇರ್ಲಿಲ್ಲ ಮೇಡಂ."

ನನಗೆ ಅರ್ಥವಾಗಲಿಲ್ಲ. ಅವರು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ನಮ್ಮವ್ವ ಬಾವಿ ಕಟ್ಟೆ ಹತ್ತಂಗಿರ್ಲಿಲ್ಲ. ದೂರದಲ್ಲಿ ಬಿಂದಿಗೆ ಇಟ್ಕೊಂಡು ನಿಂತಿರೋಳು. ಯಾರಾದ್ರೂ ಮನಸ್ಸು ಮಾಡಿ ಸೇದಿ ಹುಯ್ದ್ರೆ ಆಯ್ತು, ಇಲ್ದಿದ್ರೆ ಇಲ್ಲ. ನಾನು ಚಿಕ್ಕವನಿದ್ದಾಗ ಅವಳ ಜೊತೆ ನಿಂತಿದೀನಿ. ಈಗಿನ ಮನೆ ಸಿಗೋಕೆ ಮುಂಚೆ ಸದಾಶಿವನಗರದಲ್ಲಿ ಏಳು ಮನೆ ನೋಡಿದ್ವಿ. ಎಲ್ಲಾ ಕಡೆ ಮೊದಲನೇ ಮಾತೇ, ನೀವು ಯಾವ ಪೈಕಿ ಅಂತ. ಎಂಟನೇ ಮನೆಯವರು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಸ್ಕೂಲಲ್ಲೂ ಹಂಗೇ ಇರ್ಲಿ, ಟೆನ್ತ್ ಮುಗಿಯೋವರ್ಗೂ ಅವಳು ಬರೀ ಇಂಚರ ಆಗಿರ್ಲಿ ಅಂತ ನಾವು ಗಂಡ ಹೆಂಡ್ತಿ ಅಂದ್ಕೊಂಡಿದ್ವಿ."

ಸಿಟ್ಟೇ ಇಲ್ಲದ ದನಿಯಲ್ಲಿ ಅಂದರು: "ಅವಳ ಹತ್ರ ಎರಡೇ ದಾರಿ ಇತ್ತು ಮೇಡಂ. ನಿಜ ಬರ್ದು ಎಲ್ರ ಮುಂದೆ ನಿಂತ್ಕೋಬೇಕು, ಇಲ್ಲ ಸುಳ್ಳು ಬರೀಬೇಕು. ನೀವು ಹೋಮ್‌ವರ್ಕ್ ಕೊಟ್ರಿ. ಅವಳು ಮೂರು ದಿನ ಊಟ ಸರಿಯಾಗಿ ಮಾಡ್ಲಿಲ್ಲ."

ತಪ್ಪಾಯಿತು ಅಂದೆ. "ತಪ್ಪು ಒಪ್ಪು ಬೇಡ. ಅವಳಿಗೆ ನಾನು ಬಂದಿದ್ದು ಗೊತ್ತಾಗೋದು ಬೇಡ, ಅಷ್ಟೆ" ಅಂತ ಹೆಲ್ಮೆಟ್ ಹಾಕಿಕೊಂಡು ಹೊರಟರು.

ಅದೇ ವಾರ ಪ್ರಿನ್ಸಿಪಾಲ್ ಮೇಡಂ ಕರೆಸಿದರು. ಅವರು ಕೆಟ್ಟವರಲ್ಲ. ನನ್ನ ಮಗನಿಗೆ ಕಾಮಾಲೆ ಆಗಿದ್ದಾಗ ನನ್ನ ಹನ್ನೆರಡು ದಿನದ ಪೀರಿಯಡ್ ಅವರೇ ತೆಗೆದುಕೊಂಡಿದ್ದರು. ಟೇಬಲ್ ಮೇಲೆ ಒಂದು ಪ್ರಿಂಟ್ ತೆಗೆದ ಇಮೇಲ್ ಇತ್ತು. ಯಾರೋ ಒಬ್ಬ ಪೇರೆಂಟ್ ಬರೆದದ್ದು. ನಮ್ಮ ಮಕ್ಕಳಿಗೆ ಜಾತಿ ಅಂದರೆ ಏನು ಅಂತಲೇ ಗೊತ್ತಿಲ್ಲ, ಸ್ಕೂಲಿನವರೇ ಯಾಕೆ ಕಲಿಸುತ್ತಿದ್ದೀರಿ ಅನ್ನುವ ಅರ್ಥದ್ದು.

"ಶೈಲಾ, ಆಫ್ರಿಕಾ ಪಾಠ ಎಷ್ಟು ಬೇಕಾದ್ರೂ ಮಾಡಿ. ಜರ್ಮನಿ ಮಾಡಿ. ಗುಬ್ಬಿ ಪಾಠ ಯಾಕೆ?" ಅಂದರು. ನನ್ನ ಊರು ಗುಬ್ಬಿ ಕಡೆ ಅಂತ ಗೊತ್ತಿದ್ದೇ ಹಾಗಂದರು.

ಪ್ರಾಜೆಕ್ಟನ್ನು ವಾಪಸ್ ತೆಗೆದುಕೊಂಡೆ. ನಲವತ್ತೆರಡೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಬ್ಬ ಅಪ್ಪ ಬಚ್ಚಿಡಬೇಕು ಅಂತ ಬಂದಿದ್ದ, ಇನ್ನೊಬ್ಬರು ಬಚ್ಚಿಡಬೇಕಾದ್ದೇ ಏನೂ ಇಲ್ಲ ಅಂತ ಬರೆದಿದ್ದರು. ಇಬ್ಬರೂ ನಿಲ್ಲಿಸಿ ಅಂದರು. ನಿಲ್ಲಿಸಿದೆ.

ದಸರಾ ರಜಕ್ಕೆ ಊರಿಗೆ ಹೋದೆ. ಗುಬ್ಬಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋಗುವ ಊರು. ಅಣ್ಣ ತೋಟ ನೋಡಿಕೊಳ್ಳುತ್ತಾನೆ, ಅಮ್ಮ ಅವನ ಜೊತೆ ಇದ್ದಾರೆ. ಆ ಸಲ ರಾಗಿ ಹೊಲ ಚೆನ್ನಾಗಿತ್ತು, ತೆನೆ ಕಟ್ಟುವ ಹೊತ್ತು. ಅಂಗಳದಲ್ಲಿ ಕಾಯಿ ಸುಲಿಯುವವರು ಕೆಲಸ ಮಾಡುತ್ತಿದ್ದರು, ಅವರಿಗೆಲ್ಲ ಅತ್ತಿಗೆ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟಳು. ಅದನ್ನು ನೋಡುತ್ತಾ ಕೂತಿದ್ದವಳು ಅಮ್ಮನನ್ನು ಕೇಳಿದೆ.

"ಅಮ್ಮ, ಮುಂಚೆ ಕೇರಿಯಿಂದ ಕೆಲಸಕ್ಕೆ ಬರ್ತಿದ್ರಲ್ಲ, ಅವರಿಗೆ ಕಾಫಿ ಯಾತರಲ್ಲಿ ಕೊಡ್ತಿದ್ರಿ?"

"ಯಾತರಲ್ಲಿ? ಚಿಪ್ಪಲ್ಲಿ" ಅಂದರು ಅಮ್ಮ, ಅಲಸಂದೆ ಕಾಯಿ ಬಿಡಿಸುತ್ತಾ, ಏನೂ ವಿಶೇಷ ಇಲ್ಲವೆಂಬಂತೆ. "ತೆಂಗಿನ ಚಿಪ್ಪು ಚೆನ್ನಾಗಿ ಹೆರೆದು ನಾಲ್ಕೋ ಐದೋ ಕೊಟ್ಟಿಗೆ ಸೂರಿಗೆ ಸಿಕ್ಸಿರ್ತಿತ್ತು. ಅವರೇ ತಗೊಳೋರು, ಕುಡ್ದು ತೊಳ್ದು ಅವರೇ ಸಿಕ್ಸೋರು. ಮೇಲಿಂದ ಹುಯ್ತಿದ್ವಿ, ಮುಟ್ಟುಸ್ಕೊಂತಿರ್ಲಿಲ್ಲ."

"ಯಾರು ಹುಯ್ತಿದ್ರಿ?"

ಅಮ್ಮ ತಲೆ ಎತ್ತಿ ನನ್ನನ್ನೇ ನೋಡಿದರು. "ನೀನೇ ಹುಯ್ತಿದ್ದೆಯಲ್ಲೇ. ಆರೇಳು ವರ್ಷದವಳು. ನಾನೇ ಹುಯ್ತೀನಿ ಅಂತ ಅಜ್ಜಿ ಕೈಯಿಂದ ಚೊಂಬು ಕಿತ್ಕೊಂಡು ಓಡೋಳು. ಒಂದು ಹನಿ ಚೆಲ್ಲಲ್ಲ ನೋಡು ನನ್ ಮೊಮ್ಮಗಳು ಅಂತ ಅಜ್ಜಿ ಹೇಳ್ಕೊಂಡು ತಿರುಗೋರು."

ನನಗೆ ನೆನಪೇ ಇರಲಿಲ್ಲ. ಮರೆತಿದ್ದೆ ಅನ್ನುವುದೂ ಸರಿಯಲ್ಲ. ಅಮ್ಮ ಹೇಳಿದ ಕೂಡಲೇ ಚೊಂಬಿನ ಬಿಸಿ, ಸುಡದಿರಲಿ ಅಂತ ಲಂಗದ ತುದಿಯನ್ನು ಕೈಗೆ ಸುತ್ತಿಕೊಂಡದ್ದು, ಕೊಟ್ಟಿಗೆಯ ಬಾಗಿಲು, ಅಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡು ಕೈಯಲ್ಲಿ ಚಿಪ್ಪು ಹಿಡಿದ ಒಬ್ಬ ಹೆಂಗಸು, ಎಲ್ಲ ಎದ್ದು ಬಂತು. ಮುಖ ಮಾತ್ರ ಬರಲಿಲ್ಲ. ಇಷ್ಟು ವರ್ಷ ಎಲ್ಲಿತ್ತೋ ಗೊತ್ತಿಲ್ಲ. ಪ್ರತಿ ವರ್ಷ ಆಫ್ರಿಕಾದ ಬೆಂಚು ತೋರಿಸುವಾಗಲೂ ಒಳಗೇ ಇದ್ದಿರಬೇಕು.

"ಆಯಮ್ಮ ಯಾರು?"

"ಕೇರಿಯವಳು. ಹೆಸರು… ಏನೋ ಇತ್ತು. ಯಾಕೇ ಈಗ ಅದೆಲ್ಲ?"

ರಜ ಮುಗಿದು ಕ್ಲಾಸಿಗೆ ಬಂದ ಮೊದಲ ದಿನ ಪುಸ್ತಕ ತೆರೆಯಲಿಲ್ಲ. ಬಾವಿ ಪ್ರಾಜೆಕ್ಟಿನಲ್ಲಿ ನಿಮಗೆ ಕೇಳಿದ ಪ್ರಶ್ನೆಯನ್ನ ನಾನು ಮೊದಲು ನನ್ನ ಮನೆಯಲ್ಲಿ ಕೇಳಬೇಕಿತ್ತು, ಕೇಳಿರಲಿಲ್ಲ, ಈಗ ಕೇಳಿ ಬಂದಿದ್ದೇನೆ ಅಂದೆ. ಚಿಪ್ಪಿನ ವಿಷಯ ಹೇಳಿದೆ. ಅಜ್ಜಿ ಹೊಗಳುತ್ತಿದ್ದದ್ದು ಹೇಳಿದೆ. ಹುಯ್ಯುತ್ತಿದ್ದವಳು ನಾನೇ ಅಂತಲೂ ಹೇಳಿದೆ. ಹೇಳುವಾಗ ಕೈಯಲ್ಲಿ ಡಸ್ಟರ್ ಹಿಡಿದುಕೊಂಡೇ ಇದ್ದೆ. ಇಂಚರಳ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದರೆ ಅವಳಿಗಾಗಿ ಹೇಳುತ್ತಿದ್ದೇನೆ ಅಂತ ಉಳಿದವರಿಗೆ ಅನ್ನಿಸಿಬಿಟ್ಟರೆ?

"ಬೋರ್ಡ್ ಇಲ್ದೇ ಹೆಂಗೆ ಗೊತ್ತಾಗ್ತಿತ್ತು ಅಂತ ಒಂದು ಪ್ರಶ್ನೆ ಬಂದಿತ್ತು" ಅಂದೆ. "ನಮ್ಮೂರಲ್ಲಿ ಬೋರ್ಡ್ ಬೇಕಾಗಿರ್ಲಿಲ್ಲ. ಆರು ವರ್ಷದ ನನಗೇ ಗೊತ್ತಿತ್ತು. ಯಾರು ಕಲಿಸಿದ್ರು ಅಂತ ಮಾತ್ರ ಗೊತ್ತಿಲ್ಲ."

ಪ್ರಣವ್ ಎದ್ದು ನಿಂತು ಕೇಳಿದ. "ಮಿಸ್, ನೀವು ಹುಯ್ಯೋವಾಗ ಅವರು ನಿಮ್ ಮುಖ ನೋಡ್ತಿದ್ರಾ?"

"ಗೊತ್ತಿಲ್ಲ ಕಣೋ. ನಾನು ಚಿಪ್ಪನ್ನೇ ನೋಡ್ತಿದ್ದೆ, ಚೆಲ್ಲಬಾರದು ಅಂತ."

ಅವತ್ತು ಸಂಜೆಯೇ ಎರಡು ಫೋನು ಬಂದವಂತೆ ಸ್ಕೂಲಿಗೆ. ಪ್ರಿನ್ಸಿಪಾಲ್ ಮೇಡಂ ಮತ್ತೆ ಕರೆಸಿ, "ನಿಮ್ಮನೆ ವಿಷಯ ನೀವು ಹೇಳ್ಕೊಂಡ್ರಿ, ಅದಕ್ಕೆ ನಾನೇನೂ ಅನ್ನಕ್ಕಾಗಲ್ಲ. ಇನ್ಮೇಲೆ ಪೋರ್ಷನ್ ಅಷ್ಟೇ" ಅಂದರು. ನಮ್ಮೂರಿನವರೊಬ್ಬರ ಮೊಮ್ಮಗ ಅದೇ ಸ್ಕೂಲಿನಲ್ಲಿ ಏಳನೇ ಕ್ಲಾಸಿನಲ್ಲಿದ್ದ. ಮಾತು ಊರಿಗೂ ಮುಟ್ಟಿತು. ಅಣ್ಣ ಫೋನ್ ಮಾಡಿ, "ಎಲ್ರ ಮನೇಲೂ ಇದ್ದಿದ್ದೇ ಅಲ್ವೇನೇ, ಪಾಠ ಮಾಡಕ್ಕೆ ನಮ್ಮನೆ ಚಿಪ್ಪೇ ಬೇಕಿತ್ತಾ?" ಅಂದ. ಎರಡು ತಿಂಗಳು ಅವನು ಮತ್ತೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಪಾಠ ಪೋರ್ಷನ್ ಪ್ರಕಾರ ನಡೆಯಿತು. ಕಾಡುಗಳ ಪಾಠ, ಪಶುಪಾಲಕರ ಪಾಠ. ನವೆಂಬರ್, ಡಿಸೆಂಬರ್ ಹಾಗೇ ಕಳೆದವು.

ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಶನಿವಾರ, ಪೇರೆಂಟ್ಸ್ ಮೀಟಿಂಗ್ ಇತ್ತು. ಬೆಳಿಗ್ಗೆ ಚಳಿ ಇನ್ನೂ ಬಿಟ್ಟಿರಲಿಲ್ಲ. ಕ್ಲಾಸಿನ ಬಾಗಿಲಲ್ಲಿ ಇಂಚರ ಕಾಣಿಸಿಕೊಂಡಳು. ಅವಳ ಕೈ ಹಿಡಿದುಕೊಂಡು ಒಬ್ಬ ಅಜ್ಜಿ, ನೂಲಿನ ಸೀರೆ, ತಲೆಗೆ ಉಲ್ಲನ್ ಶಾಲು. ಹಿಂದೆ ರಂಗಸ್ವಾಮಿ, ಮುಖದಲ್ಲಿ ಸಂಕೋಚ.

"ನಮ್ಮವ್ವ ಮೇಡಂ. ಹಬ್ಬಕ್ಕೆ ಬಂದಿದ್ರು. ಸ್ಕೂಲಿಗೆ ಬಂದೇ ಬರ್ತೀನಿ ಅಂತ ಹಟ."

ಅಜ್ಜಿ ನನ್ನ ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನೇನವ್ವ ಚಿಪ್ಪಿನ ಮಿಸ್ಸು?"

ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ರಂಗಸ್ವಾಮಿ, "ಅವ್ವಾ, ಮೆಲ್ಲಗೆ" ಅಂದರು.

"ಹೌದು ಅಜ್ಜಿ, ನಾನೇ" ಅಂದೆ.

"ಮಗ ಎಲ್ಲಾ ಹೇಳವ್ಳೆ" ಅಂತ ಮೊಮ್ಮಗಳ ಕಡೆ ಗಲ್ಲ ತಿರುಗಿಸಿದರು. "ನೀನು ಹುಯ್ತಿದ್ದಂತೆ. ಅದ್ನ ಇಷ್ಟು ಐಕ್ಳ ಮುಂದೆ ಹೇಳ್ದಂತೆ. ಆಗ್ಲಿ. ಆ ಯಮ್ಮನ ಹೆಸ್ರೇನು?"

"ಯಾವಮ್ಮ?"

"ಚಿಪ್ಪು ಹಿಡ್ಕೊಂಡು ಕೂತಿದ್ದೋಳು."

"ಗೊತ್ತಿಲ್ಲ ಅಜ್ಜಿ. ನಮ್ಮಮ್ಮಂಗೂ ನೆನಪಿಲ್ಲ. ನಾನು ಹೇಳಿದ್ದು ನಮ್ಮನೆ ಕತೆ…"

"ನಿಮ್ಮನೆ ಕತೇಲಿ ಅವ್ಳಿಗೊಂದು ಹೆಸ್ರು ಬ್ಯಾಡ್ವಾ?"

ಅಜ್ಜಿ ಬೈಯುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದರು. ರಂಗಸ್ವಾಮಿ ಅವರ ಭುಜ ಮುಟ್ಟಿದರು. ಅವರು ಕೈ ಕೊಡವಿದರು.

"ನನ್ಮಗ ಮುಚ್ಚಿಟ್ಕೊಂಡವ್ನೆ. ಅವ್ನ ಕಷ್ಟ ಅವ್ನಿಗೆ, ಬುಡು. ನಾನೇನೂ ಮುಚ್ಚಿಟ್ಕೊಂಡಿಲ್ಲ. ಈ ಮಗ ಬಾವಿ ಇತ್ತು ಅಂತ ಬರ್ಕೊಂಡು ಹೋಗೋ ಬದ್ಲು ನನ್ನೊಂದ್ ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ ಕಣವ್ವ." ಆಮೇಲೆ ಎದ್ದು, "ಮಾರ್ಕ್ಸ್ ಎಷ್ಟು ತೆಗ್ದವ್ಳೆ?" ಅಂದರು. ಎಪ್ಪತ್ತೊಂಬತ್ತು ಅಂದೆ. "ಸಾಲ್ದು" ಅಂದರು.

ಮಾರನೆಯ ಭಾನುವಾರ ಊರಿಗೆ ಹೋದೆ. ಮನೆಗೆ ಹೋಗದೆ ನೇರ ಕೇರಿಗೆ ನಡೆದೆ. ನಮ್ಮ ತೋಟದಿಂದ ಅಲ್ಲಿಗೆ ಐದು ನಿಮಿಷದ ದಾರಿ. ಹುಟ್ಟಿ ಬೆಳೆದ ಊರಿನಲ್ಲಿ ಆ ಐದು ನಿಮಿಷ ನಡೆದಿದ್ದು ಅವತ್ತೇ ಮೊದಲು. ಹೆಚ್ಚು ಕಡಿಮೆ ಎಲ್ಲ ತಾರಸಿ ಮನೆಗಳು, ಒಂದೆರಡು ಬೈಕು, ಮಗ್ಗುಲಲ್ಲಿ ರಾಗಿ ಹುಲ್ಲಿನ ಬಣವೆ. ನಮ್ಮ ಮನೆತನದ ಹೆಸರು ಹೇಳಿ, ನಾನು ಚಿಕ್ಕವಳಿದ್ದಾಗ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಯಾರು ಅಂತ ಕೇಳಿದೆ. ಒಬ್ಬರು ಮೂರನೇ ಮನೆ ತೋರಿಸಿದರು. ಅಲ್ಲಿ ಸುಮಾರು ನನ್ನ ವಯಸ್ಸಿನ ಹೆಂಗಸು ಬಟ್ಟೆ ಒಣಗಿ ಹಾಕುತ್ತಿದ್ದಳು. ಹಾಗೆ ಬರುತ್ತಿದ್ದದ್ದು ಅವಳ ಅತ್ತೆಯೇ ಅಂತೆ. ತೀರಿಕೊಂಡು ತುಂಬ ವರ್ಷವಾಗಿತ್ತು.

"ಅವರ ಹೆಸರೇನಿತ್ತು?"

"ಯಾಕಕ್ಕ ಈಗ?"

"ತಿಳ್ಕೊಬೇಕಿತ್ತು."

"ಇಷ್ಟೊರ್ಷ ಬೇಡ್ದೇ ಇದ್ದಿದ್ದು?" ಅಂದಳು. ಅವಳು ಕೈಯಲ್ಲಿದ್ದ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿ, "ಮೂಡ್ಲಗಿರಿಯಮ್ಮ" ಅಂದಳು.

ನಾನು ಯಾಕೆ ಬಂದೆ ಅಂತ ಪೂರ್ತಿ ಹೇಳಿದೆ. ಚಿಪ್ಪು, ಚೊಂಬು, ಕ್ಲಾಸು, ಎಲ್ಲ. ಅವಳು ಕೇಳಿಸಿಕೊಂಡು ಸ್ವಲ್ಪ ನಕ್ಕಳು. "ನಮ್ಮತ್ತೆ ಅದ್ನ ಕುಡೀತಿದ್ರು ಅಂದ್ಕೊಂಡಿದೀರಾ? ಹುಯ್ಸ್ಕೊಂಡು ಕೊಟ್ಟಿಗೆ ಹಿಂದಕ್ಕೆ ಹೋಗಿ ಚೆಲ್ಬುಡೋರು. ಮನೆಗೆ ಬಂದು ನೀರು ಕುಡಿಯೋರು. ಬಾಯಾರ್ಕೊಂಡೇ ಇರ್ತೀನಿ, ಹಂಗೆ ಮಾತ್ರ ಕುಡಿಯಲ್ಲ ಅನ್ನೋರು. ಬೇಡ ಅಂದ್ರೆ ನಾಳೆಯಿಂದ ಕೆಲ್ಸಕ್ಕೆ ಕರೆಯಲ್ಲ ಅಂತ ಹುಯ್ಸ್ಕೊಳೋರು, ಅಷ್ಟೆ."

ಅಲ್ಲಿಂದ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ, "ಮೂಡ್ಲಗಿರಿ. ಹೌದು. ಚೆನ್ನಾಗಿ ಸೋಬಾನೆ ಹೇಳೋಳು. ನಿಮ್ಮಜ್ಜಿ ಬೇಲಿ ಆಚೆ ನಿಲ್ಲಿಸಿ ಹೇಳಿಸೋರು" ಅಂದರು. ಆಮೇಲೆ, "ಚೆಲ್ತಿದ್ಲಂತಾ?" ಅಂತ ಕೇಳಿದರು. ಹೌದು ಅಂದೆ. "ಅವಳ ಜಾಗದಲ್ಲಿದ್ದಿದ್ರೆ ನಾನೂ ಚೆಲ್ತಿದ್ದೆ" ಅಂದು ಎದ್ದು ಒಳಗೆ ಹೋದರು. ಅಣ್ಣ ಜಗಲಿಯಲ್ಲೇ ಇದ್ದ. ಮಾತಾಡಲಿಲ್ಲ. ಆದರೆ ಸಂಜೆ ಬೈಕಿನಲ್ಲಿ ಗುಬ್ಬಿಯವರೆಗೆ ಬಿಟ್ಟುಬಂದ.

ಸೋಮವಾರ ಪೋರ್ಷನ್ ಮುಗಿಸಿ ಹತ್ತು ನಿಮಿಷ ಉಳಿಸಿಕೊಂಡೆ. ನಾನು ನಿಮಗೆ ಅರ್ಧ ಹೇಳಿದ್ದೆ, ನನಗೆ ಗೊತ್ತಿದ್ದದ್ದೇ ಅರ್ಧ ಅಂತ ಶುರು ಮಾಡಿ, ಮೂಡ್ಲಗಿರಿಯಮ್ಮ ಅಂತ ಬೋರ್ಡಿನ ಮೇಲೆ ಬರೆದೆ. ಅವರು ಕಾಫಿ ಚೆಲ್ಲುತ್ತಿದ್ದದ್ದನ್ನು ಹೇಳಿದೆ. ಮಕ್ಕಳು ಹೋ ಅಂದರು. ಯಾರೋ ಒಬ್ಬಳು ಚಪ್ಪಾಳೆ ಹೊಡೆದಳು. ಈ ಚಪ್ಪಾಳೆ ನಾನು ಹೊಡೆಸಿದ್ದಲ್ಲ. ಕಿಟಕಿ ಪಕ್ಕ ಇಂಚರ ಆ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಅದಕ್ಕೂ ಒಂದು ಫೋನು ಬಂತು. ಈ ಸಲ ಪ್ರಿನ್ಸಿಪಾಲ್ ಮೇಡಂ ಜೋರು ಮಾಡಲಿಲ್ಲ. ಮುಂದಿನ ವರ್ಷ ನಿಮಗೆ ಐದು ಮತ್ತು ಆರನೇ ಕ್ಲಾಸು ಕೊಡುತ್ತೇವೆ ಅಂದರು. ಐದರಲ್ಲಿ ಇತಿಹಾಸ ಕಡಿಮೆ, ಪರಿಸರವೇ ಜಾಸ್ತಿ. "ನಂಗೂ ಮೇಲಿನವರು ಇದಾರೆ ಶೈಲಾ" ಅಂದರು. ಗೊತ್ತು ಮೇಡಂ ಅಂದೆ. ಇನ್ನೊಂದು ವರ್ಷ ಅಲ್ಲೇ ಗಿಡ, ಎಲೆ, ಬೇರು ಪಾಠ ಮಾಡಿದೆ. ಆಮೇಲೆ ಕುಣಿಗಲ್ಲಿನ ಕೆಲಸ ಸಿಕ್ಕಿತು, ಬಿಟ್ಟೆ. ಅದರಲ್ಲಿ ದೊಡ್ಡ ದುಃಖವೇನೂ ಇಲ್ಲ. ಒಂಬತ್ತನೇ ಕ್ಲಾಸಿನ ಆ ಕೋಣೆ ಮಾತ್ರ ಒಂದಷ್ಟು ದಿನ ಕಾಡಿತು.

ಮಾರ್ಚ್ ತಿಂಗಳಲ್ಲಿ ವಾರ್ಷಿಕ ಪರೀಕ್ಷೆ. ಬಿಸಿಲು ಆಗಲೇ ಏರಿತ್ತು. ಕಾರಿಡಾರಿನ ಗ್ರಿಲ್ ಮುಟ್ಟಿದರೆ ಕೈ ಸುಡುತ್ತಿತ್ತು. ಕೊನೆಯ ಪೇಪರ್ ಮುಗಿದ ದಿನ ಮಕ್ಕಳೆಲ್ಲ ಕೂಗಾಡುತ್ತಾ ಇಳಿದು ಹೋದ ಮೇಲೆ ಇಂಚರ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

"ಮಿಸ್, ನಾನು ಆಗಸ್ಟಲ್ಲಿ ಕೊಟ್ಟಿದ್ದ ಪ್ರಾಜೆಕ್ಟು ವಾಪಸ್ ಕೊಡ್ತೀರಾ?"

ಬೀರು ತೆಗೆದು ಹುಡುಕಿ ಕೊಟ್ಟೆ. ಅವಳು ಅದನ್ನು ಬಿಡಿಸಿಯೂ ನೋಡದೆ ಬ್ಯಾಗಿನೊಳಗೆ ತುರುಕಿ, ಇನ್ನೊಂದು ಕವರು ತೆಗೆದು ನನ್ನ ಕೈಗಿಟ್ಟಳು. ಬಣ್ಣದ ಹಾಳೆ ಇಲ್ಲ, ಚಿತ್ರ ಇಲ್ಲ. ಗೆರೆ ಹಾಕಿದ ನಾಲ್ಕು ಹಾಳೆ, ಎರಡೂ ಬದಿ ತುಂಬ ಬರೆದದ್ದು.

"ಅಜ್ಜಿ ಹೇಳಿದ್ದು. ಅವರ ಹತ್ರ ಕೂತ್ಕೊಂಡು ಬರ್ಕೊಂಡೆ. ಅಪ್ಪಂಗೆ ಗೊತ್ತು. ಮೊದಲು ಬೇಡ ಅಂದ್ರು, ಆಮೇಲೆ ಅವರೂ ಬಂದು ಪಕ್ಕದಲ್ಲಿ ಕೂತ್ರು. ಅಜ್ಜಿ ಮರೆತಿದ್ದ ಎರಡು ವಿಷಯ ಅಪ್ಪನೇ ಹೇಳಿದ್ರು."

"ಇದಕ್ಕೆ ಈಗ ಮಾರ್ಕ್ಸ್ ಕೊಡಕ್ಕಾಗಲ್ಲ ಇಂಚರ, ಎಲ್ಲಾ ಸಬ್ಮಿಟ್ ಮಾಡಿಬಿಟ್ಟಿದೀನಿ."

"ಮಾರ್ಕ್ಸಿಗಲ್ಲ ಮಿಸ್. ನಿಮಗೆ."

ಬಾಗಿಲವರೆಗೆ ಹೋದವಳು ಮತ್ತೆ ತಿರುಗಿ ನಿಂತಳು. ಒಂಬತ್ತು ತಿಂಗಳಲ್ಲಿ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದು ಅದೇ ಮೊದಲು.

"ಕ್ಲಾಸಲ್ಲಿ ಓದ್ಬೇಡಿ ಮಿಸ್, ಬೇರೆ ಯಾರಿಗೂ ಹೇಳ್ಬೇಡಿ. ಯಾವತ್ತಾದ್ರೂ ಓದೋದಿದ್ರೆ ನಾನೇ ಓದ್ತೀನಿ."

ಸರಿ ಅಂದೆ. ಅವತ್ತು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಾಲ್ಕು ಹಾಳೆಯನ್ನೂ ಎರಡು ಸಲ ಓದಿದೆ. ಅದರಲ್ಲಿ ಏನಿತ್ತು ಅಂತ ಇಲ್ಲಿಯೂ ಬರೆಯುವುದಿಲ್ಲ.